ಮೋರಿಯ ಅಗಲ

ಆ ಊರಿನ ಬೀದಿ ತಿಂಡಿಗಳಲ್ಲಿ ಒಂದೂ ಬೀದಿಯಲ್ಲಿ ಹುಟ್ಟಿರಲಿಲ್ಲ. ಹೊಸದಾಗಿ ಕಟ್ಟಿದ ತಿಂಡಿ ಬೀದಿಯ ಬೋರ್ಡುಗಳನ್ನು ಓದಿದ ಯಾರಿಗಾದರೂ ಅದು ತಿಳಿಯುತ್ತಿತ್ತು. ಮೊದಲ ಮಳಿಗೆಯ ಕರಿದ ತಿಂಡಿಯನ್ನು ಜ್ವರ ಬಂದ ರಾಣಿಯ ಬಾಯಿರುಚಿಗೆಂದು ಅರಮನೆಯ ವೈದ್ಯರು ಕಂಡುಹಿಡಿದಿದ್ದರು. ಪಕ್ಕದ ಮಳಿಗೆಯ ಕೆಂಡದಲ್ಲಿ ಸುಟ್ಟ ಮಾಂಸ, ಸೇನಾಪತಿಯೊಬ್ಬ ಯುದ್ಧ ಗೆದ್ದ ಸಂಜೆ ಹುಟ್ಟಿತ್ತು. ಎದುರು ಸಾಲಿನ ಹುಳಿ ಪಾನಕ ರಾಜಕುಮಾರಿಯ ಮದುವೆಯಲ್ಲಿ ಮೊದಲು ತಯಾರಾಗಿತ್ತು. ಬೀದಿಯಲ್ಲಿ ನಿಂತು, ಹೊಗೆ ಕುಡಿದು, ಪೊಲೀಸರ ಕೈಲಿ ಬೈಸಿಕೊಂಡು ಅದನ್ನೆಲ್ಲ ಮಾಡಿ ಮಾರಿದವರು ಮಾತ್ರ ಯಾವ ಬೋರ್ಡಿನಲ್ಲೂ ಇರಲಿಲ್ಲ. ಪಾಪ, ಬೋರ್ಡಿನಲ್ಲಿ ಜಾಗ ಸಾಲದೆ ಹೋಗಿರಬೇಕು.

ಆ ಬೋರ್ಡುಗಳನ್ನೆಲ್ಲ ಬರೆದವರು ಒಬ್ಬರೇ. ಅವರನ್ನು ಗಾಡಿಯವರೆಲ್ಲ ಕತೆ ಸಾರ್ ಎಂದು ಕರೆಯುತ್ತಿದ್ದರು. ಮೆತ್ತಗಿನ ದನಿಯ ಮನುಷ್ಯ. ಯಾರ ಮೇಲೂ ರೇಗಿದವರಲ್ಲ. ತಿಂಡಿ ಬೀದಿ ಕಟ್ಟಿಸಿದವರು ಅವರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದರು. ಯಾವ ತಿಂಡಿಗೆ ಮೂಲ ಇರಲಿಲ್ಲವೋ ಅದಕ್ಕೆ ಮೂಲ ಒದಗಿಸಿಕೊಡುವುದು ಅವರ ಕೆಲಸ.

ಹೀಗಿರುವಾಗ ಅವರ ಕಣ್ಣು ಗುರಿಯಕ್ಕನ ಮೇಲೆ ಬಿತ್ತು.

ಗುರಿಯಕ್ಕ ತೊಗಲು ಹದ ಮಾಡುವ ಕಾರ್ಖಾನೆಯ ಗೇಟಿನ ಮುಂದೆ ತಳ್ಳುಗಾಡಿಯಲ್ಲಿ ಹಾರುಂಡೆ ಮಾರುತ್ತಿದ್ದಳು. ನೆನೆಸಿದ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಕೈತುಂಬ ಮೆಣಸಿನಕಾಯಿ ಹಾಕಿ ಹಿಸುಕಿ ಉಂಡೆ ಕಟ್ಟಿ ಎಣ್ಣೆಯಲ್ಲಿ ಕರಿದರೆ ಹಾರುಂಡೆ. ಅದರಲ್ಲೇನೂ ಹೆಚ್ಚುಗಾರಿಕೆ ಇಲ್ಲ. ಹೆಚ್ಚುಗಾರಿಕೆ ಇದ್ದದ್ದು ಕೊಡುವುದರಲ್ಲಿ. ಅವಳು ಯಾರಿಗೂ ಕೈಗೆ ಕೊಡುತ್ತಿರಲಿಲ್ಲ. ಗಿರಾಕಿ ಕಾಗದದ ಪೊಟ್ಟಣ ಹಿಡಿದು ದೂರದಲ್ಲಿ ನಿಲ್ಲಬೇಕು. ಇವಳು ತೂತಿನ ಸೌಟಿನಲ್ಲಿ ಉಂಡೆಯನ್ನು ಎತ್ತಿ, ಬಾಣಲೆಯ ಅಂಚಿಗೆ ಟಣ್ ಎಂದು ಒಮ್ಮೆ ಬಡಿದು, ತೋಳನ್ನು ಒಮ್ಮೆ ಚಿಮ್ಮಿಸುವಳು. ಉಂಡೆ ಮೇಲಕ್ಕೆ ಹೋಗಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಹೋಗಬೇಕಾದ ಪೊಟ್ಟಣಕ್ಕೇ ಹೋಗಿ ಬೀಳುವುದು. ಅದು ತಪ್ಪಿದ್ದನ್ನು ಕಂಡವರಿಲ್ಲ. ಗುರಿಯಕ್ಕ ಎಂಬ ಹೆಸರು ಬಂದದ್ದೇ ಹಾಗೆ.

ಜನ ಅದನ್ನು ನೋಡಲೆಂದೇ ಬರುತ್ತಿದ್ದರು. ಅವಳ ಬಲ ಭುಜವನ್ನು ಯಾರೂ ನೋಡುತ್ತಿರಲಿಲ್ಲ. ಸಂಜೆಯಾಗುವ ಹೊತ್ತಿಗೆ ಆ ತೋಳು ತಲೆಯವರೆಗೂ ಏಳುತ್ತಿರಲಿಲ್ಲ. ಬೆಳಿಗ್ಗೆ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಮುಂಗೈ ತುಂಬ ಎಣ್ಣೆ ಸಿಡಿದ ಕಲೆ. ಬಿಸಿಗೆ ಬೆರಳ ತುದಿಗಳು ಸತ್ತು ಬಹಳ ಕಾಲವಾಗಿತ್ತು. ಹೊಲಿಗೆ ಸೂಜಿ ಚುಚ್ಚಿದರೆ ರಕ್ತ ಕಂಡಮೇಲೆಯೇ ಅವಳಿಗೆ ಗೊತ್ತಾಗುತ್ತಿತ್ತು.

ಗೇಟಿನ ಮುಂದೆ ಉದ್ದಕ್ಕೂ ಕಲ್ಲು ಚಪ್ಪಡಿ ಹಾಸಿದ್ದರು. ಗಾಡಿ ಈಚೆ ಬದಿ, ಗೋಡೆಗೆ ಒತ್ತಿಕೊಂಡು. ಗಿರಾಕಿಗಳು ಆಚೆ ಬದಿ. ಚಪ್ಪಡಿಯ ಮೇಲೆ ಯಾರೂ ನಿಲ್ಲುತ್ತಿರಲಿಲ್ಲ. ಕಲ್ಲು ಅಲ್ಲಾಡುತ್ತದೆ, ಅದಕ್ಕೇ ನಿಲ್ಲುವುದಿಲ್ಲ ಎಂದು ಗುರಿಯಕ್ಕ ತನಗೆ ತಾನೇ ಅಂದುಕೊಂಡಿದ್ದಳು. ಅವಳು ಮದುವೆಯಾಗಿ ಹೊರಗಿನಿಂದ ಬಂದವಳು. ಗಾಡಿ ಎಲ್ಲಿ ನಿಲ್ಲಬೇಕು ಎಂದು ಅತ್ತೆ ತೋರಿಸಿದ್ದಳೋ ಅಲ್ಲಿ ನಿಲ್ಲಿಸಿದ್ದಳು, ಅಷ್ಟೇ.

ಈಗ ಆ ಜಾಗಕ್ಕೂ ಸಂಚಕಾರ ಬಂದಿತ್ತು. ತಿಂಡಿ ಬೀದಿಯ ಉದ್ಘಾಟನೆಯಾದ ಮೇಲೆ ಊರಿನ ಯಾವ ರಸ್ತೆಯಲ್ಲೂ ತಳ್ಳುಗಾಡಿ ನಿಲ್ಲಿಸುವ ಹಾಗಿಲ್ಲ ಎಂದು ಆರ್ಡರಾಗಿತ್ತು. ಮಳಿಗೆ ಸಿಕ್ಕವರು ಬದುಕಿದರು. ಸಿಗದವರು ಏನು ಮಾಡಬೇಕು ಎಂಬುದನ್ನು ಆರ್ಡರಿನಲ್ಲಿ ಹೇಳಿರಲಿಲ್ಲ.

ಕತೆ ಸಾರ್ ಗಾಡಿಯ ಹತ್ತಿರ ಬಂದು, ಪೊಟ್ಟಣ ಚಾಚಿ ಉಂಡೆ ಹಿಡಿದು, ಕಚ್ಚಿ, ಕಣ್ಣು ಮುಚ್ಚಿದರು.

"ಅಕ್ಕಾ, ಇದು ಬರೀ ತಿಂಡಿ ಅಲ್ಲ. ಕಲೆ. ಈ ಎಸೆತದ ಮೂಲ ಎಲ್ಲಿ ಅಂತ ಹುಡುಕ್ತಾ ಇದ್ದೆ. ಸಿಕ್ತು."

"ಎಲ್ಲಿ ಸಿಕ್ತು ಸಾರ್?"

"ಅರಮನೇಲಿ."

"ಅಲ್ಲೂ ಗಾಡಿ ಬಿಡ್ತಿದ್ರಾ?"

ಕತೆ ಸಾರ್ ನಕ್ಕರು. ಆಮೇಲೆ ಕತೆ ಹೇಳಿದರು. ಹಿಂದೆ ಒಬ್ಬಳು ರಾಣಿ ಇದ್ದಳಂತೆ. ಅವಳು ಮಹಡಿಯ ಕಿಟಕಿ ಬಿಟ್ಟು ಕೆಳಗೆ ಇಳಿಯುತ್ತಿರಲಿಲ್ಲವಂತೆ. ಅವಳಿಗೆ ಬಿಸಿಬಿಸಿ ತಿನ್ನುವ ಆಸೆ. ಅಡುಗೆಮನೆಯಿಂದ ಮಹಡಿಗೆ ಹೋಗುವಷ್ಟರಲ್ಲಿ ತಿಂಡಿ ಆರಿಹೋಗುತ್ತಿತ್ತಂತೆ. ಆಗ ಅರಮನೆಯ ಅಡುಗೆಯವನು ಅಂಗಳದಲ್ಲೇ ಒಲೆ ಹೂಡಿ, ಸೌಟಿನಿಂದ ಕಿಟಕಿಗೆ ಚಿಮ್ಮಿದನಂತೆ. ರಾಣಿ ಚಿನ್ನದ ಬಟ್ಟಲಲ್ಲಿ ಹಿಡಿದಳಂತೆ.

"ನಿಮ್ಮ ಮನೆತನದವ್ರು ಅದೇ ಅಡುಗೆಯವನ ವಂಶದವ್ರು ಇರ್ಬೇಕು," ಎಂದರು.

ಸುಳ್ಳು ಹೇಳಬಾರದು, ಗುರಿಯಕ್ಕನಿಗೆ ಖುಷಿಯಾಯಿತು. ತೊಗಲಿನ ನಾತದಲ್ಲಿ ನೊಣ ಓಡಿಸುತ್ತಾ ನಿಂತವಳಿಗೆ ಇದ್ದಕ್ಕಿದ್ದ ಹಾಗೆ ಯಾರೋ ಅರಮನೆಯ ನೆಂಟಸ್ತಿಕೆ ತಂದು ಕೊಟ್ಟರೆ ಯಾರು ಬೇಡ ಅನ್ನುತ್ತಾರೆ? ಅದರ ಜೊತೆಗೆ ಮಳಿಗೆ. ತಿಂಡಿ ಬೀದಿಯ ಉದ್ಘಾಟನೆಯ ದಿನ ಮುಖ್ಯ ಅತಿಥಿಗೆ ಅವಳೇ ಮೊದಲ ಹಾರುಂಡೆ ಎಸೆಯಬೇಕು. ಅದಾದರೆ ಮಳಿಗೆ ಅವಳದ್ದು. ಅವಳು ಹೋಗಿ ನೋಡಿಯೂ ಬಂದಳು. ಮೇಲೆ ಸೂರಿತ್ತು. ಒಳಗೆ ನಲ್ಲಿ ಇತ್ತು. ತಿರುಗಿಸಿದಳು, ನೀರು ಬಂತು. ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. ಯಾರೂ ಬೈಯಲಿಲ್ಲ. ದಿನಾ ಕಾರ್ಖಾನೆಯ ಹಿಂದಿನಿಂದ ಕೊಡ ಹೊತ್ತು ತರುವ ಸೊಂಟಕ್ಕೆ ಆ ನಲ್ಲಿಯ ಬೆಲೆ ಗೊತ್ತಿತ್ತು.

ಹೊರಡುವಾಗ ಕತೆ ಸಾರ್ ಹೇಳಿದ್ದರು, "ಮನೇಲಿ ಹಿರಿಯರಿದ್ರೆ ಕೇಳಿ ಅಕ್ಕಾ. ಆ ಕಾಲದ ಸೌಟೋ ಪಾತ್ರೆಯೋ ಏನಾದ್ರೂ ಇದ್ರೆ ತನ್ನಿ. ಗಾಜಿನ ಪೆಟ್ಟಿಗೇಲಿ ಇಡೋಣ."

ಹಿರಿಯರು ಎಂದರೆ ಮನೆಯಲ್ಲಿ ಅತ್ತೆ ಒಬ್ಬಳೇ. ಕಾರ್ಖಾನೆಯ ಹಿಂದೆ ಒಂದೇ ಕೋಣೆಯ ಮನೆ. ಬಾಗಿಲು ತೆರೆದರೆ ಸುಣ್ಣದ ಘಾಟು, ಮುಚ್ಚಿದರೆ ಒಲೆಯ ಹೊಗೆ. ಅತ್ತೆಗೆ ಕಣ್ಣು ಮಂಜಾಗಿತ್ತು. ಆದರೂ ಹೊಸ್ತಿಲ ಬಳಿ ಕೂತು ಬೆರಳಿನ ಲೆಕ್ಕದಲ್ಲೇ ಆಲೂಗಡ್ಡೆ ಸುಲಿಯುತ್ತಿದ್ದಳು. ಗುರಿಯಕ್ಕನ ಗಂಡ ಆಗತಾನೆ ಕೆಲಸದಿಂದ ಬಂದು ಗೋಡೆಗೆ ಒರಗಿದ್ದ. ತೊಗಲನ್ನು ಸುಣ್ಣದ ಗುಂಡಿಯಿಂದ ಎತ್ತುವ ಕೆಲಸ ಅವನದ್ದು. ಅಂಗೈಯ ಗೆರೆಗಳೆಲ್ಲ ಸುಣ್ಣಕ್ಕೆ ಸವೆದುಹೋಗಿದ್ದವು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಒಮ್ಮೆ ಅವನ ಅಂಗೈ ಹಿಡಿದು, ಹೇಳಲಿಕ್ಕೆ ಏನೂ ಇಲ್ಲ ಎಂದು ವಾಪಸು ಕೊಟ್ಟಿದ್ದ.

ಗುರಿಯಕ್ಕ ಅರಮನೆ, ರಾಣಿ, ಚಿನ್ನದ ಬಟ್ಟಲು ಎಲ್ಲವನ್ನೂ ಹೇಳಿದಳು. ಅತ್ತೆ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಹತ್ತಿತು. ಸೊಸೆ ನೀರು ಕೊಟ್ಟಳು.

"ಅರಮನೇನಾ? ನಮ್ಮವ್ವ ಅರಮನೆ ಅಂತ ನೋಡಿದ್ದು ಈ ಕಾರ್ಖಾನೆ ಆಫೀಸು ಒಂದೇ. ಅದೂ ಹೊರಗಿಂದ."

"ಮತ್ತೆ ಈ ಎಸೆಯೋದು ಎಲ್ಲಿಂದ ಬಂತು ಅತ್ತೆ?"

ಅತ್ತೆ ಆಲೂಗಡ್ಡೆಯನ್ನು ಪಕ್ಕಕ್ಕಿಟ್ಟಳು.

"ನಮ್ಮವ್ವ ತೊಗಲಿನ ಕೊಬ್ಬು ಕೆರೀತಿದ್ಲು. ಕೆರೆದ ಕೊಬ್ಬನ್ನ ಮೋರಿಗೆ ಹಾಕೋರು. ಇವಳು ಅದನ್ನ ಎತ್ಕೊಂಡು ಬಂದು ಕಾಯಿಸಿ ಎಣ್ಣೆ ಮಾಡಿದ್ಲು. ಬೇಕರಿ ಹಿಂದ್ಗಡೆ ಬ್ರೆಡ್ಡಿನ ಅಂಚು ಬಿಸಾಕೋರು, ಅದನ್ನ ಆರಿಸ್ಕೊಂಡು ಬಂದ್ಲು. ಕೊಳೆತ ಆಲೂಗಡ್ಡೇಲಿ ಕೊಳೀದೇ ಇರೋ ಭಾಗ ಕೆತ್ಕೊಂಡ್ಲು. ನಾತ ತಿಳೀದಿರಲಿ ಅಂತ ಮೆಣಸಿನಕಾಯಿ ಸುರಿದ್ಲು. ನಾವು ಮಕ್ಕಳು ಹಸ್ಕೊಂಡಿದ್ವಿ. ಅದು ಮೂಲ. ಬೇಕಾದ್ರೆ ಬರ್ಕೊಳ್ಳೋಕೆ ಹೇಳು."

"ಎಸೆಯೋದು?"

"ಹೇಳ್ತೀನಿ ತಾಳು. ಗೇಟಿನ ಮುಂದೆ ಚಪ್ಪಡಿ ಇದೆಯಲ್ಲ, ಅದರ ಕೆಳಗೆ ಮೋರಿ ಇದೆ. ಆಗ ಬಾಯಿ ತೆರ್ಕೊಂಡಿತ್ತು. ಸುಣ್ಣದ ನೀರು, ರಕ್ತದ ನೀರು ಎಲ್ಲಾ ಅದರಲ್ಲೇ. ಆಚೆ ಬದಿ ಅವ್ರು, ಈಚೆ ಬದಿ ನಾವು. ನಾವು ದಾಟೋ ಹಾಗಿಲ್ಲ. ಆದ್ರೆ ವಾಸನೆ ದಾಟ್ತು ನೋಡು. ಗುಮಾಸ್ತರೆಲ್ಲ ಬಂದು ಸಾಲಾಗಿ ನಿಂತ್ರು. ತಿನ್ಬೇಕು. ನಮ್ಮ ಕೈಯಿಂದ ಇಸ್ಕೊಳ್ಳೋ ಹಾಗಿಲ್ಲ. ಆಗ ಅವ್ರೇ ಒಂದು ಉಪಾಯ ಮಾಡ್ಕೊಂಡ್ರು. ಎಣ್ಣೇಲಿ ಬೆಂದಿದ್ದಕ್ಕೆ ಮೈಲಿಗೆ ಇಲ್ಲ, ಗಾಳೀಲಿ ಬಂದಿದ್ದಕ್ಕೂ ಮೈಲಿಗೆ ಇಲ್ಲ. ಎಸಿ ಅಂದ್ರು. ನಮ್ಮವ್ವ ಎಸೆದ್ಲು."

ಸೊಸೆಯ ಬಲ ಭುಜ ತನ್ನಷ್ಟಕ್ಕೆ ನೋಯತೊಡಗಿತು. ಎಷ್ಟು ಎತ್ತರಕ್ಕೆ, ಎಷ್ಟು ದೂರಕ್ಕೆ ಎಂದು ಆ ತೋಳಿಗೆ ಗೊತ್ತಿತ್ತು. ಅದು ಮೋರಿಯ ಅಗಲ ಎಂದು ಇವತ್ತು ಗೊತ್ತಾಯಿತು.

"ಮೋರಿಗೆ ಬಿದ್ರೆ ನಮ್ಮ ತಪ್ಪು. ಅದಕ್ಕೇ ಗುರಿ ಕಲಿತ್ವಿ," ಎಂದಳು ಅತ್ತೆ. "ಒಂದ್ಸಲ ಅವ್ವನಿಗೆ ಜ್ವರ. ನಾನು ನಿಂತೆ. ಇನ್ನೂ ಮೈನೆರೆದಿರಲಿಲ್ಲ. ಉಂಡೆ ಹೋಗಿ ಒಬ್ಬ ಗುಮಾಸ್ತನ ಬಿಳೀ ಅಂಗಿಗೆ ಬಡೀತು. ಎಣ್ಣೆ ಕಲೆ ಆಯ್ತು. ಅವನಿಗೆ ಕೋಪ. ಹೊಡೀಬೇಕು. ಆದ್ರೆ ಹೊಡೆಯೋಕೂ ಮುಟ್ಟಬಾರ್ದಲ್ಲ. ತೊಗಲು ಅಳೆಯೋ ಕೋಲು ಇತ್ತು, ಉದ್ದದ್ದು. ಅದನ್ನ ತರಿಸ್ದ. ಮೋರಿ ಆಚೆ ನಿಂತ್ಕೊಂಡೇ ಹೊಡೆದ. ನಾನು ಓಡಿಹೋಗ್ಲಿಲ್ಲ. ಬಾಣಲೆ ಉರುಳಿದ್ರೆ ಎಣ್ಣೆ ಹೋಗುತ್ತಲ್ಲ ಅಂತ ಬಾಣಲೆ ಹಿಡ್ಕೊಂಡು ನಿಂತೆ. ಆಮೇಲೆ ಇನ್ನೊಂದು ಎಸಿ ಅಂದ. ಎಸೆದೆ. ಪೊಟ್ಟಣಕ್ಕೇ ಬಿತ್ತು. ಅಲ್ಲಿಂದ ಈಚೆಗೆ ನನಗೆ ಗುರಿ ತಪ್ಪಿಲ್ಲ."

ಕೊನೆಯ ಮಾತು ಹೇಳುವಾಗ ಅತ್ತೆಯ ದನಿಯಲ್ಲಿ ಹೆಮ್ಮೆ ಇತ್ತು.

ಮದುವೆಯಾಗಿ ಬಂದ ಮೊದಲ ದಿನ ಅವಳಿಗೆ ನೆನಪಾಯಿತು. ಒಲೆಯ ಪಕ್ಕದಿಂದ ಅತ್ತೆ ಅವಳತ್ತ ಒಂದು ಉಂಡೆ ಎಸೆದಿದ್ದಳು. ಹೊಸ ಹೆಣ್ಣು, ಏನೋ ಮುಖಕ್ಕೆ ಬಂತೆಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಉಂಡೆ ನೆಲಕ್ಕೆ ಬಿತ್ತು. ಎಲ್ಲರೂ ನಕ್ಕರು. ನೆಲದ ಮೇಲಿನದನ್ನು ಎತ್ತಿ ತಿಂದಳು. ಆಮೇಲೆ ಹಿಡಿಯುವುದನ್ನು ಕಲಿತಳು, ಎಸೆಯುವುದನ್ನು ಕಲಿತಳು. ಈ ಮನೆಯಲ್ಲಿ ಊಟವೆಂದರೆ ಹೀಗೇ, ಇವರದ್ದೊಂದು ತಮಾಷೆ ಎಂದುಕೊಂಡಿದ್ದಳು.

"ಹೊರಗಿನವ್ರಿಗೆ ಎಸೆದ್ರಿ, ಸರಿ. ಮನೇಲಿ ಯಾಕೆ ಎಸೀತೀರಿ ಅತ್ತೆ?"

ಅತ್ತೆ ಮಂಜುಗಣ್ಣನ್ನು ಬಾಗಿಲ ಕಡೆ ತಿರುಗಿಸಿದಳು.

"ಗೊತ್ತಿಲ್ಲ ಕಣೇ. ನಮ್ಮವ್ವ ನಮಗೂ ಹಂಗೇ ಎಸೀತಿದ್ಲು. ಕೊಡೋದು ಅಂದ್ರೆ ಎಸೆಯೋದು ಅಂತಲೇ ತಿಳ್ಕೊಂಡುಬಿಟ್ಟಿದ್ದೆ."

ಗೋಡೆಗೆ ಒರಗಿದ್ದ ಮಗ ಆಗ ಬಾಯಿ ಬಿಟ್ಟ. ಅವನು ಮಾತಾಡುವುದೇ ಅಪರೂಪ.

"ನಂಗೆ ನೀನು ಒಂದು ಸಲಾನೂ ಕೈತುತ್ತು ಹಾಕಿಲ್ಲ ಅವ್ವ. ನಾಯಿಮರಿ ಥರ ಎಗರಿ ಹಿಡೀತಿದ್ದೆ. ಆಟ ಅಂದ್ಕೊಂಡಿದ್ದೆ."

ಎದ್ದು ಹೊರಗೆ ಹೋದ. ಮುದುಕಿ ಆಲೂಗಡ್ಡೆಯನ್ನು ಮತ್ತೆ ಕೈಗೆತ್ತಿಕೊಂಡಳು. ಆದರೆ ಸುಲಿಯಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಇಡುವಂಥ ಹಳೇ ಪಾತ್ರೆ ಆ ಮನೆಯಲ್ಲಿ ಒಂದೂ ಇರಲಿಲ್ಲ. ಹಳೆಯದು ಅಂತ ಇದ್ದದ್ದು ಈ ಎಸೆತ ಒಂದೇ.

ಮರುದಿನ ಗುರಿಯಕ್ಕ ತಿಂಡಿ ಬೀದಿಯ ಆಫೀಸಿಗೆ ಹೋಗಿ ಕತೆ ಸಾರ್ ಮುಂದೆ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿಜವಾಗಿ ಒರೆಸಿಕೊಂಡರು. ಅವರು ಕೆಟ್ಟವರಲ್ಲ. ಅದೇ ತೊಂದರೆ.

"ಅಕ್ಕಾ, ಇದು ಬಹಳ ದೊಡ್ಡ ವಿಷಯ. ಇದನ್ನ ನಾನು ಬರೆದೇ ಬರೀತೀನಿ."

"ಬೋರ್ಡಲ್ಲೇನಾ ಸಾರ್?"

"ಬೋರ್ಡಲ್ಲಿ ಅಲ್ಲ. ಮುಂದೆ ಯಾವಾಗಾದ್ರೂ, ಪುಸ್ತಕದಲ್ಲಿ. ಇಲ್ಲಿ ಜನ ತಿನ್ನೋಕೆ ಬರ್ತಾರೆ. ಬಾಯಿಗಿಟ್ಕೊಳ್ಳೋ ಹೊತ್ತಲ್ಲಿ ಮೋರಿ, ರಕ್ತ ಅಂದ್ರೆ ಯಾರಿಗೆ ಸೇರುತ್ತೆ ಹೇಳಿ?"

"ಹಂಗಾದ್ರೆ ಅರಮನೇದೇ ಇರಲಿ. ನಾನು ಎಸೆಯೋದು ಬಿಟ್ಟು ಕೈಗೆ ಕೊಡ್ತೀನಿ."

"ಅದು ಹೇಗಾಗುತ್ತೆ? ಎಸೆಯದೇ ಇದ್ರೆ ಅದು ಬರೀ ಆಲೂಗಡ್ಡೆ ಉಂಡೆ. ಬರೀ ಉಂಡೆಗೆ ಯಾರು ಮಳಿಗೆ ಕೊಡ್ತಾರೆ?" ಎಂದು ದನಿ ಇನ್ನಷ್ಟು ಮೆತ್ತಗೆ ಮಾಡಿದರು. "ನಿಮಗೋಸ್ಕರ ಎಷ್ಟು ಹೋರಾಡಿದ್ದೀನಿ ಗೊತ್ತಾ? ಬೇರೆಯವ್ರಿಗೆಲ್ಲ ಕೈಗವಸು ಕಡ್ಡಾಯ. ನಿಮಗೊಬ್ರಿಗೇ ಬೇಡ ಅಂತ ಮಾಡ್ಸಿದ್ದೀನಿ. ನೀವು ಕೈಯಿಂದ ಯಾರಿಗೂ ಕೊಡೋದೇ ಇಲ್ವಲ್ಲ."

ಅವಳು ಆಗಲೇ ಸಿಡಿದೆದ್ದಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅವಳು ಹಾಗೆ ಮಾಡಲಿಲ್ಲ. ಆಗಲಿ ಸಾರ್ ಎಂದಳು. ಹೊರಗೆ ಬಂದು, ಖಾಲಿ ಮಳಿಗೆಯ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. ಮನೆಗೆ ಹೋಗಿ ಉದ್ಘಾಟನೆಗೆಂದು ಆಲೂಗಡ್ಡೆ ಬೇಯಲು ಇಟ್ಟಳು. ಹೊಟ್ಟೆಪಾಡು ಎಲ್ಲರ ಬಾಯಿ ಮುಚ್ಚಿಸುತ್ತದೆ. ಅವಳದ್ದೇನು ಬೇರೆ ಬಾಯಿಯಲ್ಲ.

ಉದ್ಘಾಟನೆಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಗುರಿಯಕ್ಕನಿಗೆ ಅರಮನೆಯ ಅಡುಗೆಯವರ ವೇಷ ಹಾಕಿದ್ದರು. ಜರಿ ಅಂಚಿನ ಕೆಂಪು ಕೋಟು, ತಲೆಗೊಂದು ರುಮಾಲು. ಕೋಟಿನ ತೋಳು ಬಿಗಿಯಾಗಿ, ಕಂಕುಳಲ್ಲಿ ಒತ್ತುತ್ತಿತ್ತು. ಒಲೆಯ ಮುಂದೆ ಅದನ್ನು ಹಾಕಿಕೊಂಡು ನಿಂತವಳ ಬೆನ್ನಲ್ಲಿ ಬೆವರು ಧಾರಾಕಾರ ಇಳಿಯುತ್ತಿತ್ತು. ಅರಮನೆಯವರು ಇದನ್ನು ಹೇಗೆ ತಡೆದುಕೊಂಡರೋ ಏನೋ.

ಮಳಿಗೆಯ ಮುಂದೆ ನೆಲದ ಮೇಲೆ ಎರಡು ಬಿಳಿ ಗೆರೆ ಎಳೆದಿದ್ದರು. ಒಂದರ ಹಿಂದೆ ಅವಳು, ಇನ್ನೊಂದರ ಹಿಂದೆ ತಿನ್ನುವವರು. ಕತೆ ಸಾರ್ ಗಾಡಿಯ ಹತ್ತಿರ ಬಂದಾಗ ಹೆಜ್ಜೆ ಹಾಕಿ ಅಳೆದುಕೊಂಡು ಹೋಗಿದ್ದರಂತೆ. ಬಹಳ ಶ್ರದ್ಧೆಯ ಮನುಷ್ಯ. ಗುರಿಯಕ್ಕ ಆ ಎರಡು ಗೆರೆಗಳ ನಡುವೆ ನೋಡಿದಳು. ಹೊಳೆಯುವ ಹೊಸ ಕಲ್ಲು. ಒಂದು ಹನಿ ಕೊಳಕು ಇಲ್ಲ. ಮೋರಿ ಎಲ್ಲೂ ಇರಲಿಲ್ಲ, ಅದರ ಅಗಲವನ್ನು ಮಾತ್ರ ಹಾಗೇ ಎತ್ತಿ ತಂದು ಇಲ್ಲಿ ಹಾಸಿದ್ದರು.

ಮುಖ್ಯ ಅತಿಥಿ ಬಂದರು. ಅವರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು. ನಗುಮುಖ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಗೆ ಬಂಗಾರದ ಬಣ್ಣದ ಪೊಟ್ಟಣ ಕೊಟ್ಟರು. ಸಾಹೇಬರು ಗೆರೆಯ ಹಿಂದೆ ನಿಂತರು. ಕತೆ ಸಾರ್ ಮೈಕಿನಲ್ಲಿ ರಾಣಿಯನ್ನು ಮಹಡಿಯ ಕಿಟಕಿಗೆ ಕರೆತಂದರು. ಜನ ಫೋನುಗಳನ್ನು ಎತ್ತಿ ಹಿಡಿದರು.

ಗುರಿಯಕ್ಕ ಸೌಟಿನಲ್ಲಿ ಉಂಡೆ ಎತ್ತಿದಳು. ಬಾಣಲೆಯ ಅಂಚಿಗೆ ಟಣ್ ಎಂದು ಬಡಿದಳು. ತೋಳು ತಾನಾಗಿ ಮೇಲೆ ಹೋಯಿತು. ಭುಜ ಚುಳ್ ಎಂದಿತು. ಬಾಣಲೆ ಹಿಡಿದುಕೊಂಡು ಏಟು ತಿನ್ನುತ್ತ ನಿಂತ ಹುಡುಗಿಯೊಬ್ಬಳು ಕಣ್ಣ ಮುಂದೆ ಬಂದಳು. ಎಗರಿ ಎಗರಿ ಹಿಡಿಯುವ ಇನ್ನೊಂದು ಮಗುವೂ ಬಂತು.

ತೋಳು ಇಳಿಸಿದಳು.

ಸೌಟಿನಲ್ಲಿದ್ದ ಉಂಡೆಯನ್ನು ಬೆರಳಲ್ಲಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಬೆರಳ ತುದಿ ಸತ್ತಿದ್ದರೂ ಅಂಗೈ ಇನ್ನೂ ಬದುಕಿತ್ತು, ಸುಟ್ಟಿತು. ಮಳಿಗೆಯ ಕಟ್ಟೆ ದಾಟಿದಳು. ತನ್ನ ಗೆರೆ ದಾಟಿದಳು. ಖಾಲಿ ಜಾಗದಲ್ಲಿ ನಡೆದು ಸಾಹೇಬರ ಎದುರು ನಿಂತು ಕೈ ಚಾಚಿದಳು.

"ತಗೊಳ್ಳಿ ಸಾಹೇಬ್ರೇ."

ಸಾಹೇಬರು ನಗುತ್ತಲೇ ಒಂದು ಹೆಜ್ಜೆ ಹಿಂದೆ ಸರಿದರು. "ಎಸೀಮ್ಮಾ, ಎಸಿ. ನಾನು ಹಿಡೀತೀನಿ. ಮನೇಲಿ ಅಭ್ಯಾಸ ಮಾಡ್ಕೊಂಡೇ ಬಂದಿದ್ದೀನಿ." ಜನ ನಕ್ಕರು.

"ಎಸೆಯಲ್ಲ ಸಾಹೇಬ್ರೇ. ಕೈಗೆ ಕೊಡ್ತೀನಿ. ಕೈ ಚಾಚಿ."

ನಗು ನಿಂತಿತು. ಕತೆ ಸಾರ್ ಮೈಕು ಬಿಟ್ಟು ಓಡಿ ಬಂದರು. "ಅಕ್ಕಾ, ಹಾಳು ಮಾಡ್ಕೋಬೇಡಿ. ನಿಮ್ಮ ಮಳಿಗೆ ಇದು. ಒಂದೇ ಒಂದು ಸಲ ಎಸೆದುಬಿಡಿ."

"ಮೂರು ತಲೆಮಾರು ಎಸೆದಾಯ್ತು ಸಾರ್. ಸಾಕು."

ಸಾಹೇಬರ ಮುಖದ ನಗು ಹಾಗೇ ಇತ್ತು, ಕಣ್ಣುಗಳು ಮಾತ್ರ ಅದರಿಂದ ಹೊರಗೆ ಬಂದಿದ್ದವು. "ನೋಡಮ್ಮಾ, ತಪ್ಪು ತಿಳ್ಕೋಬೇಡ. ನನಗೆ ಅಂಥ ಭಾವನೆ ಏನೂ ಇಲ್ಲ. ಇದು ಬರೀ ಸ್ವಚ್ಛತೆಯ ಪ್ರಶ್ನೆ."

ಅಂಥ ಭಾವನೆಯ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ.

"ಇದನ್ನ ಹಿಸುಕಿದ್ದು ಇದೇ ಕೈ," ಎಂದಳು ಗುರಿಯಕ್ಕ. "ಉಂಡೆ ಕಟ್ಟಿದ್ದು ಇದೇ ಕೈ. ಅದನ್ನ ತಿಂತೀರಿ. ಕೈ ಮಾತ್ರ ಬೇಡ. ಇದು ಅರಮನೇಲಿ ಹುಟ್ಟಿದ್ದಲ್ಲ ಸಾಹೇಬ್ರೇ. ಮೋರಿ ಪಕ್ಕ ಹುಟ್ಟಿದ್ದು. ನಮ್ಮನ್ನ ಮುಟ್ಟಬಾರ್ದು ಅಂತ ಎಸೀರಿ ಅಂದ್ರು, ಎಸೆದ್ವಿ. ಇವತ್ತು ಕೈಗೆ ಕೊಡ್ತಿದ್ದೀನಿ. ಬೇಕಾದ್ರೆ ತಗೊಳ್ಳಿ, ಬೇಡವಾದ್ರೆ ಬಿಡಿ."

ಮೈಕು ದೂರವಿತ್ತು. ಮುಂದಿನ ಸಾಲಿನವರಿಗಷ್ಟೇ ಕೇಳಿಸಿತು. ಹಿಂದಿನವರು ಎಸಿ, ಎಸಿ ಎಂದು ಚಪ್ಪಾಳೆ ತಟ್ಟತೊಡಗಿದರು. ಸಾಹೇಬರು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಒಂದು ಕೈಯನ್ನಾದರೂ ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿಕೊಳ್ಳಲಿಲ್ಲ.

ಗುರಿಯಕ್ಕ ಒಂದಷ್ಟು ಹೊತ್ತು ಕಾದಳು. ಅಂಗೈ ಕೆಂಪಾಯಿತು. ಆಮೇಲೆ ಉಂಡೆಯನ್ನು ತಾನೇ ಬಾಯಿಗೆ ಹಾಕಿಕೊಂಡಳು. ಎಲ್ಲರ ಎದುರು ನಿಧಾನವಾಗಿ ಅಗಿದು ನುಂಗಿದಳು. ಉಪ್ಪು ಸರಿಯಾಗಿತ್ತು. ಕೋಟು ಬಿಚ್ಚಿ ಮಡಚಿ ಕಟ್ಟೆಯ ಮೇಲಿಟ್ಟಳು, ರುಮಾಲನ್ನು ಅದರ ಮೇಲಿಟ್ಟಳು. ತನ್ನ ಸೌಟು, ಉಳಿದ ಹಿಟ್ಟಿನ ಪಾತ್ರೆ ಎತ್ತಿಕೊಂಡು ಹೊರಟಳು. ನಲ್ಲಿಯ ಕಡೆ ನೋಡಬಾರದು ಎಂದುಕೊಂಡಿದ್ದಳು. ನೋಡಿದಳು.

ಕಾರ್ಯಕ್ರಮ ನಿಲ್ಲಲಿಲ್ಲ. ಅಂಥದ್ದು ಯಾವತ್ತೂ ನಿಲ್ಲುವುದಿಲ್ಲ. ದೊಡ್ಡ ಹೋಟೆಲಿನ ಅಡುಗೆಯವನೊಬ್ಬನನ್ನು ಮೊದಲೇ ತಯಾರು ಮಾಡಿಟ್ಟಿದ್ದರು. ಅವನು ಅದೇ ಕೋಟು ಹಾಕಿಕೊಂಡು, ಅವಳೇ ಕರಿದಿದ್ದ ಉಂಡೆಯನ್ನು ಬೇರೆ ಸೌಟಿನಲ್ಲಿ ಎತ್ತಿ ಚಿಮ್ಮಿದ. ಗುಂಪಿನ ಅಂಚಿನಲ್ಲಿ ಗುರಿಯಕ್ಕ ನಿಂತು ನೋಡಿದ್ದು ಅದೊಂದನ್ನು. ಉಂಡೆ ಪೊಟ್ಟಣಕ್ಕೆ ಬೀಳಲಿಲ್ಲ. ಸೀದಾ ಹೋಗಿ ಸಾಹೇಬರ ಬಿಳಿ ಅಂಗಿಗೆ ಎದೆಯ ಮೇಲೆ ಬಡಿದು, ಎಣ್ಣೆಯ ಕಲೆ ಬಿಟ್ಟು ಕೆಳಗೆ ಬಿತ್ತು.

ಸಾಹೇಬರು ಗಹಗಹಿಸಿ ನಕ್ಕರು. ಜನರೂ ನಕ್ಕರು. ಅಡುಗೆಯವನು ನಾಲಿಗೆ ಕಚ್ಚಿಕೊಂಡ. ಸಾಹೇಬರು ಮುಂದೆ ಬಂದು ಅವನ ಬೆನ್ನು ತಟ್ಟಿ, ಅವನ ಪಕ್ಕ ನಿಂತು ಎದೆಯ ಕಲೆ ತೋರಿಸುತ್ತಾ ಫೋಟೋ ತೆಗೆಸಿಕೊಂಡರು. ಯಾರೂ ಅಳತೆ ಕೋಲು ತರಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆಗೆ, ಸೊಸೆ ಸೌಟನ್ನೂ ಹಿಟ್ಟನ್ನೂ ವಾಪಸು ತಂದದ್ದು ಸದ್ದಿನಿಂದಲೇ ಗೊತ್ತಾಗಿತ್ತು. ಗುರಿಯಕ್ಕ ಒಲೆ ಹಚ್ಚಿದಳು. ಉಳಿದ ಹಿಟ್ಟಿನಲ್ಲಿ ಉಂಡೆ ಕಟ್ಟಿ ಬಾಣಲೆಗೆ ಬಿಟ್ಟಳು. ಸೌಟಿನಲ್ಲಿ ಎತ್ತಿ ಅಂಚಿಗೆ ಬಡಿದಳು. ಆ ಸದ್ದು ಕೇಳಿದ್ದೇ, ಹೊಸ್ತಿಲ ಬಳಿ ಕೂತಿದ್ದ ಮುದುಕಿ ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು. ಕಣ್ಣು ಮಂಜಾದ ಮೇಲೆ ಅವಳು ಹಿಡಿಯುತ್ತಿದ್ದದ್ದು ಹಾಗೆ. ಟಣ್ ಎಂದರೆ ತಟ್ಟೆ ಏಳುತ್ತಿತ್ತು.

ಸೊಸೆ ಎದ್ದು ಹೋಗಿ ಅವಳ ಮುಂದೆ ಕೂತಳು. ತಟ್ಟೆಯನ್ನು ಕೈಯಿಂದ ಬಿಡಿಸಿ ಕೆಳಗಿಟ್ಟಳು. ಮುದುಕಿಯ ಬಲಗೈ ಹಿಡಿದು, ಬೆರಳುಗಳನ್ನು ಬಿಚ್ಚಿ, ಉಂಡೆಯನ್ನು ಅಂಗೈಯಲ್ಲಿಟ್ಟಳು.

ಮುದುಕಿ ಬೆಚ್ಚಿದಳು. "ಸುಡುತ್ತಲ್ಲೇ."

"ಬಿಸಿ ಇದೆ ಅತ್ತೆ. ಈಗ ಬಾಣಲೆಯಿಂದ ತೆಗೆದಿದ್ದು."

"ಇಷ್ಟು ಬಿಸಿ ಇರುತ್ತಾ?" ಅತ್ತೆ ಉಂಡೆಯನ್ನು ಬಿಡಲಿಲ್ಲ. ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಮಾಡಿಕೊಂಡಳು. "ಇಷ್ಟು ದಿನ ಗಾಳೀಲೇ ಆರಿಹೋಗ್ತಿತ್ತು ಅನ್ಸುತ್ತೆ."

ಗಂಡ ಆಗ ಬಾಗಿಲಲ್ಲಿ ಕಾಣಿಸಿಕೊಂಡ. ಸುಣ್ಣದ ನಾತದಿಂದಲೇ ಮಗನೆಂದು ತಾಯಿಗೆ ಗೊತ್ತಾಯಿತು.

"ಬಾರೋ ಇಲ್ಲಿ. ಕೂತ್ಕೋ. ಬಾಯಿ ತೆಗಿ."

ಅವನು ಅರ್ಥವಾಗದೆ ಹೆಂಡತಿಯ ಮುಖ ನೋಡಿದ. ಆಮೇಲೆ ಕೂತ. ತಾಯಿ ಉಂಡೆಯನ್ನು ಮುರಿದು, ತಡಕಾಡಿ ಅವನ ಗಡ್ಡ ಮುಟ್ಟಿ, ತುಟಿ ಹುಡುಕಿ, ಬಾಯಿಗಿಟ್ಟಳು. ಕೂದಲು ನರೆತ ಗಂಡಸು. ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆತು ಕೂತ. ಖಾರ ಹೆಚ್ಚಾಗಿದೆ ಎಂದು ಕಣ್ಣೊರೆಸಿಕೊಂಡ. ಖಾರ ಯಾವತ್ತಿನಷ್ಟೇ ಇತ್ತು.

"ಮಳಿಗೆ ಹೋಯ್ತಾ?" ಎಂದು ಅತ್ತೆ ಕೇಳಿದಳು.

"ಹೋಯ್ತು ಅತ್ತೆ."

"ಗೇಟಿನ ಹತ್ರಾನೂ ಬಿಡಲ್ಲ ಅಂದಿದ್ದಾರಲ್ಲ?"

"ಬಿಡಲ್ಲ. ನಿಲ್ಲಿಸಿದ್ರೆ ಎತ್ತಿ ಹಾಕ್ತಾರಂತೆ."

ಮುದುಕಿ ಬೆರಳಿಗೆ ಅಂಟಿದ್ದನ್ನು ನೆಕ್ಕಿಕೊಂಡಳು. ಅಂಗೈಯ ಕೆಂಪನ್ನು ಇನ್ನೊಂದು ಕೈಯಿಂದ ಸವರಿಕೊಂಡಳು.

"ನಾಳೆ ಗಾಡಿ ಹಾಕು. ಗೋಡೆ ಹತ್ರ ಅಲ್ಲ. ಚಪ್ಪಡಿ ಮೇಲೆ, ಮೋರಿ ಮೇಲೇ ನಿಲ್ಲಿಸು. ನಾನೂ ಬಂದು ಗಾಡಿ ಮುಂದೆ ಕೂತ್ಕೋತೀನಿ. ಕೇಳಿದವ್ರಿಗೆ ಕೈಗೆ ಕೊಡು. ಇಸ್ಕೊಳ್ಳದವ್ರು ಹಸ್ಕೊಂಡು ಹೋಗ್ಲಿ."

"ಪೊಲೀಸ್ರು ಬಂದ್ರೆ ಅತ್ತೆ?"

"ಬರ್ಲಿ ಬಿಡು. ಎತ್ತಿ ಹಾಕ್ಬೇಕು ಅಂದ್ರೆ ನನ್ನನ್ನ ಮುಟ್ಟಲೇಬೇಕಲ್ಲ," ಎಂದು ಅತ್ತೆ ಮತ್ತೊಂದು ಉಂಡೆಗೆ ಕೈ ಚಾಚಿದಳು.